ಮೋಟಾರಿಗೆ ಲೆಕ್ಕ ಹೇಳಿದ ಮೇಷ್ಟ್ರು

ವಿದ್ಯೆ ವಿನಯವನ್ನು ಕೊಡುತ್ತದೆಂದು ಬಲ್ಲವರು ಹೇಳಿದ್ದಾರೆ. ಅವರಾರೂ ನ್ಯಾಮತಿಯಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ವಿಜ್ಞಾನದ ಶಿವಲಿಂಗಪ್ಪ ಮೇಷ್ಟ್ರನ್ನು ಕಂಡವರಲ್ಲ.

ಕರಿಹಲಗೆ ಸಿಗದ ಕಡೆ ಅವರು ತಮ್ಮ ಕರಿ ಕೊಡೆಯನ್ನೇ ಬಿಚ್ಚಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡುತ್ತಿದ್ದರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟು. ಇವೆರಡರಾಚೆ ಲೋಕದಲ್ಲಿ ತಿಳಿಯತಕ್ಕದ್ದು ಏನೂ ಉಳಿದಿಲ್ಲವೆಂಬುದು ಅವರ ಸಿದ್ಧಾಂತ. ಮಳೆ ಬಂದ ದಿನ ಸಿದ್ಧಾಂತವು ಕರಗಿ ಅವರ ಅಂಗಿಯ ಮೇಲೆ ಇಳಿಯುತ್ತಿತ್ತು.

ಎಂಬತ್ತರ ದಶಕದ ಮಾತು. ಸಂಜೆಯಾದರೆ ಊರಿನ ವೋಲ್ಟೇಜು ಕುಸಿದು ಬಲ್ಬುಗಳು ಬೀಡಿಯ ತುದಿಯಂತಾಗುತ್ತಿದ್ದವು. ಒಮ್ಮೆ ಅವರ ಮನೆಯಲ್ಲಿದ್ದೆ. ಮೇಷ್ಟ್ರು ಕೊಡೆ ಬಿಚ್ಚಿ, "ಅರವತ್ತರ ಬಲ್ಬು ಈಗ ಇಪ್ಪತ್ತೇಳು ವ್ಯಾಟಿಗೆ ಇಳದೈತೆ, ನೋಡ್ರಿ!" ಎಂದು ಘೋಷಿಸಿದರು.

"ನಮಗೂ ಕಣ್ಣವೆ. ಮೊದ್ಲು ಲಾಟೀನು ಹಚ್ರಿ, ಅಕ್ಕಿ ಆರಿಸ್ಬೇಕು" ಎಂದರು ಅವರ ಹೆಂಡತಿ.

ಬಲ್ಬಿನ ಮಟ್ಟಿಗೆ ಲೆಕ್ಕ ಹೆಚ್ಚುಕಡಿಮೆ ಸರಿಯಿತ್ತು. ಅನರ್ಥಕ್ಕೆ ಮೂಲ ಅದೇ.

ಆಗ ದಾದಾಪೀರ್ ಸಾಬರು ಕರೆಂಟಿನ ಹಿಟ್ಟಿನ ಗಿರಣಿಯನ್ನು ಹೊಸದಾಗಿ ಹಾಕಿದ್ದರು. ಎದುರಿಗಿದ್ದ ಹಳೆಯ ಗಿರಣಿಗೆ ಆಯಿಲ್ ಎಂಜಿನ್. ಅದಕ್ಕೆ ವೋಲ್ಟೇಜಿನ ಹಂಗಿಲ್ಲ. ನಾನು ರಾಗಿ ಬೀಸಿಸಲು ಹೋದ ಸಂಜೆ ಮೇಷ್ಟ್ರೂ ಜೊತೆಗೆ ಬಂದರು.

"ಸಂಜಿ ಆತಂದ್ರೆ ಸ್ಟಾರ್ಟರ್ ತಾನೇ ಬಿದ್ದು ಮೋಟಾರು ನಿಲ್ತೈತೆ ಸಾರ್. ಡಬ್ಬಿ ತಂದೋರೆಲ್ಲ ಎದುರಿಗೆ ಹೋಗ್ತಾರೆ. ಹಿಂಗೇ ಆದ್ರೆ ನಾನು ಬಾಗ್ಲು ಹಾಕ್ಬೇಕಷ್ಟೆ" ಎಂದರು ದಾದಾಪೀರ್.

ಮೇಷ್ಟ್ರ ಕೊಡೆ ಬಿಚ್ಚಿಕೊಂಡಿತು.

"ಹಗಲೊತ್ತು ನಾನೂರು ವೋಲ್ಟು, ಹತ್ತು ಆಂಪಿಯರ್. ಅಂದ್ರೆ ರೆಸಿಸ್ಟೆನ್ಸ್ ನಲವತ್ತು. ಈಗ ವೋಲ್ಟು ಮುನ್ನೂರು. ನಲವತ್ತರಿಂದ ಭಾಗಿಸು, ಏಳೂವರೆ ಆಂಪಿಯರ್. ಪವರ್ರು ಹತ್ತತ್ರ ಅರ್ಧ ಆತು. ನಿನ್ನ ಮೋಟಾರು ಆರಾಮಾಗಿ ಮಲಗೈತೆ ಕಣಯ್ಯಾ!"

"ಮೀಟರಿನ ಮುಳ್ಳು ಹದಿನಾಲ್ಕು ಆಂಪಿಯರ್ ತೋರಸ್ತೈತಲ್ಲ ಸಾರ್?"

ಮೇಷ್ಟ್ರು ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದರು. ಮುಳ್ಳು ಅಲ್ಲಾಡಲಿಲ್ಲ. "ಕೆಟ್ಟೈತೆ" ಎಂದರು.

"ಮತ್ತೆ ಸ್ಟಾರ್ಟರ್ರು ಯಾಕೆ ಬೀಳ್ತೈತೆ?"

"ಅದಕ್ಕೆ ಲೆಕ್ಕ ಬರಲ್ಲ. ಬೀಳದಂಗೆ ಹಿಡಿಗೆ ಹುರಿ ಹಾಕಿ ಬಿಗಿ."

ದಾದಾಪೀರ್ ಬಿಗಿದರು. ಓದಿದವರ ಮಾತಲ್ಲವೇ! ಬಲ್ಬಾದರೆ ವೋಲ್ಟೇಜು ಇಳಿದಾಗ ಮಂಕಾಗಿ ಸುಮ್ಮನಿರುತ್ತದೆ. ಕಲ್ಲು ತಿರುಗಿಸುವ ಮೋಟಾರು ಅಷ್ಟು ಸಾಧುವಲ್ಲ. ಹೊರೆ ಅಷ್ಟೇ ಇದ್ದು ವೋಲ್ಟೇಜು ಕಡಿಮೆಯಾದರೆ, ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಅದನ್ನು ಕಾಪಾಡಲೆಂದೇ ಸ್ಟಾರ್ಟರ್ ಬೀಳುತ್ತಿತ್ತು. ಈಗ ಅದರ ಕೈ ಕಟ್ಟಿಯಾಗಿತ್ತು. ನನ್ನ ರಾಗಿ ಅರ್ಧ ಇಳಿಯುವಷ್ಟರಲ್ಲಿ ಮೋಟಾರು ಗೊರಗೊರ ಎಂದು ಹೊಗೆ ಕಾರಿ ನಿಂತಿತು.

"ಬೀಸಾಕೆ ಕೊಟ್ರೆ ಹುರಿಯಾಕೆ ಇಟ್ರಲ್ಲ ಮೇಷ್ಟ್ರೇ!" ಎಂದು ಸರದಿಯಲ್ಲಿದ್ದ ಹೆಂಗಸೊಬ್ಬಳು ಡಬ್ಬಿ ಎತ್ತಿಕೊಂಡು ಎದುರಿನ ಗಿರಣಿಗೆ ನಡೆದಳು. ಉಳಿದವರು ಅವಳ ಹಿಂದೆ. ದಾದಾಪೀರ್ ಬಿಸಿ ಮೋಟಾರಿನ ಮೇಲೆ ಕೈಯಿಟ್ಟು, ತೆಗೆದು, ಮತ್ತೆ ಇಟ್ಟರು. ಮೇಷ್ಟ್ರು ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸಿ, ತಪ್ಪಿಲ್ಲವೆಂದು ಸಮಾಧಾನಪಟ್ಟರು.

ಮುಂದೆ ಅವರಿಗೆ ಜಗಳೂರಿಗೆ ವರ್ಗವಾಯಿತು. ಕಡೆಯ ಸಲ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕುಶಲ ಕೇಳುವುದಕ್ಕೂ ಮೊದಲು, "ಆ ಸಾಬ್ರು ಮೀಟರ್ ರಿಪೇರಿ ಮಾಡಿಸಿದ್ರೇನ್ರಿ?" ಎಂದರು. ಬಸ್ಸು ಬಂತು, ಹತ್ತಿದರು.

ದಾದಾಪೀರ್ ಅಷ್ಟರಲ್ಲಿ ಗಿರಣಿ ಮುಚ್ಚಿ, ಸವಳಂಗದಲ್ಲಿ ಸೈಕಲ್ ಪಂಚರ್ ಹಾಕುತ್ತಿದ್ದರು.