ಕೋಡಿ ಮರದ ಅಂಟು

ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ. ಬಾಣಾವರದ ಹತ್ತಿರ ನಮ್ಮೂರ ಕೆರೆಯಂಗಳದಲ್ಲಿ ಕರಿಜಾಲಿ ಮರಗಳಿವೆ. ಅಂಟಿನ ಆಸೆಗೆ ಜನ ತೊಗಟೆ ಕೊಚ್ಚಿ ಕೊಚ್ಚಿ ಮರಗಳು ಒಣಗತೊಡಗಿದಾಗ, ತಾನಾಗಿ ಒಸರಿದ್ದನ್ನು ಮಾತ್ರ ಕೀಳಬೇಕು, ಮಚ್ಚು ಹಾಕಬಾರದು ಎಂದು ಊರನ್ನು ಒಪ್ಪಿಸಿದವನು ನಾನೇ. ಈ ಮರ ಆಫ್ರಿಕದ ಬಯಲಲ್ಲೂ ಬೆಳೆಯುತ್ತದೆ, ಅಲ್ಲೂ ಆಡು ತಿಂದ ಕಾಯಿಯ ಬೀಜವೇ ಹಿಕ್ಕೆಯೊಂದಿಗೆ ಬಿದ್ದು ಚೆನ್ನಾಗಿ ಮೊಳೆಯುತ್ತದೆ ಎಂದು ಟೀ ಅಂಗಡಿಯಲ್ಲಿ ಭಾಷಣ ಬೇರೆ ಬಿಗಿಯುತ್ತಿದ್ದೆ.

ಈ ಬೇಸಿಗೆಯ ಒಂದು ಬೆಳಿಗ್ಗೆ ಕೆರೆ ಕೋಡಿಯ ಪಕ್ಕದ ದೊಡ್ಡ ಮರದ ಸುತ್ತ ಮಚ್ಚಿನ ಗಾಯಗಳು ಕಂಡವು. ಅಂಟು ಆಗತಾನೆ ಕಿತ್ತ ಗುರುತೂ ಇತ್ತು. ಬುಡದಲ್ಲಿ ಮೂಲೆಮನೆಯ ಹೆಂಗಸು ದೋಟಿಯಿಂದ ಕಾಯಿ ಉದುರಿಸಿ ಆಡು ಮೇಯಿಸುತ್ತಿದ್ದಳು. ಬೇಸಿಗೆಯಲ್ಲಿ ಅವಳ ಆಡುಗಳಿಗೆ ಆ ಕಾಯಿ ಬಿಟ್ಟರೆ ಬೇರೆ ಮೇವಿಲ್ಲ. “ಮರ ಕೆತ್ತಿದ್ದು ನೀನೇನಾ?” ಎಂದು ಗದರಿದೆ.

“ನಾನಲ್ಲ ಕಣಣ್ಣ. ನನ್ ಕೈಲಿ ದೋಟಿ ಐತೆ, ಮಚ್ಚೆಲ್ಲೈತೆ ನೋಡು.”

“ಕಳ್ಳಿ! ಇನ್ನು ಈ ಕೆರೆಗೆ ಆಡು ಇಳಿಸಿದ್ರೆ ಸರಿಗಿರಲ್ಲ!”

ಏರಿಯ ಮೇಲೆ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ಅವಳು ಆಡು ಹೊಡೆದುಕೊಂಡು ಹೋದಳು.

ಮನೆಗೆ ಬಂದರೆ ತುಪ್ಪದ ಘಮ. ಬಾಣಂತನಕ್ಕೆ ಬಂದಿದ್ದ ನನ್ನ ಮಗಳಿಗೆ ಅಂಟಿನುಂಡೆ ಕಟ್ಟಲು ಅವ್ವ ಅಂಟು ಹುರಿಯುತ್ತಿದ್ದಳು. ಅಂಗಡಿಯದು ಬೇಡ, ನಮ್ಮ ಕೆರೆಯ ಅಂಟೇ ಆಗಬೇಕು ಎಂದು ಜಂಬ ಕೊಚ್ಚಿದ್ದವನೂ ನಾನೇ.

“ಎಲ್ಲೀದವ್ವ ಇದು?”

“ಕೋಡಿ ಮರದ್ದು ಕಣೋ. ಒಸರಿದ್ದು ಒಂದು ಹಿಡಿನೂ ಆಗ್ಲಿಲ್ಲ. ಅದಕ್ಕೇ ನಾಕು ದಿನದ ಹಿಂದೇನೇ ಮಚ್ಚಲ್ಲಿ ಕೆತ್ತಿ ಬಿಟ್ಟಿದ್ದೆ. ಇವತ್ತು ಹೊತ್ತಾರೆ ಕಿತ್ಕೊಂಬಂದೆ.” ನನ್ನ ಮುಖ ನೋಡಿ ಸೌಟು ನಿಲ್ಲಿಸಿದಳು. “ಯಾಕ್ಲಾ? ನೀನು ಮಾಡಿದ ಕಟ್ಟುಪಾಡು ನಮ್ಮನೆಗೂ ಐತಾ?”

ಥೂ ನನ್ನ ಜನ್ಮಕ್ಕೆ! ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಕಂಡವರನ್ನು ಆಡಿಕೊಂಡು ನಗುತ್ತಿದ್ದವನು ನಾನು. ನಾಚಿಕೆಯಿಂದ ಕಿವಿಯೆಲ್ಲ ಸುಟ್ಟಿತು.

ಮಧ್ಯಾಹ್ನ ಮೂಲೆಮನೆಗೆ ಹೋದೆ. ಕಟ್ಟಿಹಾಕಿದ ಆಡುಗಳು ಹಸಿವಿಗೆ ಅರಚುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೈಮುಗಿದಳು.

“ತಪ್ಪಾಯ್ತು ಕಣಣ್ಣ. ಮರ ನಾನೇ ಕೆತ್ತಿದ್ದು ಅಂದ್ಕೋ. ಆಡುಗಳ್ನ ಮಾತ್ರ ಕೆರೆಗೆ ಬಿಡ್ಸು.”

“ಮಚ್ಚು ನಮ್ಮನೇದು ಕಣಮ್ಮ,” ಎಂದೆ. “ನಮ್ಮವ್ವ ಕೆತ್ತಿದ್ದು. ಸಂಜೆ ಟೀ ಅಂಗಡಿ ಮುಂದೆ ಎಲ್ರಿಗೂ ಹೇಳ್ತೀನಿ.”

ಅವಳು ನನ್ನ ಮುಖ ನೋಡಲಿಲ್ಲ. ಗೂಟದ ಹಗ್ಗಕ್ಕೆ ಕೈಹಾಕಿ, “ಹಂಗಾರೆ ಈಗ ಬಿಚ್ಲಾ ಅಣ್ಣ?” ಎಂದು ನನ್ನನ್ನೇ ಕೇಳಿದಳು.