ಅಸ್ಸು ಮೇಸ್ತ್ರಿಯ ದೇವದಾರು ಕೋಲು

ಮಿದೆಲ್ತ್ ಊರಿನಲ್ಲಿ ರೊಟ್ಟಿ ಭಟ್ಟಿಗೆ ಅಂಟಿಕೊಂಡಂತೆ ಒಂದು ತಗಡಿನ ಬಾಗಿಲಿತ್ತು. ಅದಕ್ಕೆ ಬೋರ್ಡಿಲ್ಲ, ಬಣ್ಣವಿಲ್ಲ. ಒಳಗೆ ಕೂತು ಗಾಡಿ ರಿಪೇರಿ ಮಾಡುತ್ತಿದ್ದವನು ಅಸ್ಸು ಮೇಸ್ತ್ರಿ. ನಲವತ್ತು ವರ್ಷ ಈ ಬೆಟ್ಟಗಳಲ್ಲಿ ಡೀಸೆಲ್ ಟ್ಯಾಕ್ಸಿ ಓಡಿಸಿದವನು ನಾನು. ಶಾಲೆಯ ಹೊಸಿಲು ತುಳಿದವನಲ್ಲ, ಅಕ್ಷರ ಕಲಿತದ್ದು ರಸ್ತೆ ಬದಿಯ ಮೈಲಿಗಲ್ಲುಗಳಿಂದ. ಯಾರ ಮಾತಿಗೂ ಸುಲಭಕ್ಕೆ ತಲೆಯಾಡಿಸುವ ಜಾಯಮಾನ ನನ್ನದಲ್ಲ. ಅಂಥ ನಾನು ಗಾಡಿಯ ಚಾವಿ ಕೊಟ್ಟು ಬೆನ್ನು ತಿರುಗಿಸಿ ಹೋಗುತ್ತಿದ್ದದ್ದು ಅವನೊಬ್ಬನ ಹತ್ತಿರ ಮಾತ್ರ. ಅದಕ್ಕೆ ಕಾರಣವಾದದ್ದು ಒಂದು ಕುರಿಯ ತೊಗಲು.

ಮೊದಲು ಅವನ ವಿಚಾರ. ಅಸ್ಸು ಹುಟ್ಟಿದ್ದು ಅಯ್ಯಾಶಿ ಬೆಟ್ಟದ ಬುಡದಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮೀಸೆ ಚಿಗುರುವ ಮೊದಲೇ ಅಹೂಲಿಯ ಸೀಸದ ಗಣಿಗೆ ಸೇರಿದ. ಅಲ್ಲಿ ಅವನ ಪಾಲಿಗೆ ಬಂದದ್ದು ನೀರೆತ್ತುವ ಡೀಸೆಲ್ ಪಂಪುಗಳು. ಪಂಪು ನಿಂತರೆ ಗಳಿಗೆಯೊಳಗೆ ಕೆಳಗಿನವರ ಸೊಂಟಕ್ಕೆ ನೀರು. ಹಾಗಾಗಿ ಎಂಜಿನ್ ಕೆಟ್ಟ ಮೇಲೆ ರಿಪೇರಿ ಮಾಡುವುದು ಅವನ ಕೆಲಸವಲ್ಲ, ಕೆಡುವ ಮೊದಲೇ ಅದರ ಹೊಟ್ಟೆಯ ನೋವು ತಿಳಿಯುವುದು ಅವನ ಕೆಲಸ. ಆ ಯಂತ್ರಗಳ ಅಬ್ಬರಕ್ಕೆ ಅವನ ಬಲಗಿವಿ ಪೂರ್ತಿ ಹೋಯಿತು, ಎಡಗಿವಿ ಅರ್ಧ ಹೋಯಿತು. ಕಿವಿ ಹೋದಂತೆ ಅವನು ಹಲ್ಲಿನಿಂದ ಕೇಳುವುದನ್ನು ಕಲಿತ. ಮೊಳದುದ್ದದ ಒಂದು ದೇವದಾರು ಕೋಲು, ಅದರ ಒಂದು ತುದಿ ಎಂಜಿನ್ನಿನ ಮೇಲೆ, ಇನ್ನೊಂದು ತುದಿ ಹಲ್ಲಿನ ನಡುವೆ. ಗಣಿ ಮುಚ್ಚಿದಾಗ ಎಲ್ಲರೂ ಏನೇನೋ ಹೊತ್ತುಕೊಂಡು ಬಂದರು, ಅವನು ತಂದದ್ದು ಆ ಕೋಲೊಂದೇ.

ನಮ್ಮ ಸ್ಟ್ಯಾಂಡಿನ ಡ್ರೈವರುಗಳಿಗೆ ಅವನು ದೊಡ್ಡ ತಮಾಷೆ. ಕಿವುಡನಿಗೆ ಸದ್ದು ತೋರಿಸಲು ಹೋಗುವವನು ಕುರುಡನಿಗೆ ಬಟ್ಟೆ ತೋರಿಸಲಿ ಎಂದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಆ ವರ್ಷ ಕುರಿಹಬ್ಬ ಕೊರೆಯುವ ಚಳಿಯಲ್ಲಿ ಬಂದಿತ್ತು. ಬೆಳಗಿನ ಜಾವ ನನ್ನ ಟ್ಯಾಕ್ಸಿ ಏಳಲು ಮುದುಕನಿಗಿಂತ ಹೆಚ್ಚು ನರಳುತ್ತಿತ್ತು. ನನ್ನ ಹೆಂಡತಿ ತೂದಾ ಹಬ್ಬದ ಕುರಿಯ ತೊಗಲನ್ನು ತೊಳೆದು, ಉಪ್ಪು ಸವರಿ, ಮಾಳಿಗೆಯ ಮೇಲೆ ಹರಡಿದ್ದಳು. ಅದು ಅವಳೇ ಸಾಕಿದ ಕುರಿ. ಹಬ್ಬದ ಮುನ್ನಾದಿನ ಅದರ ನೆತ್ತಿಗೂ ಬೆನ್ನಿಗೂ ಗೋರಂಟಿ ಹಚ್ಚಿದವಳೂ ಅವಳೇ. ಆ ತೊಗಲಿನ ಮೇಲೆ ಕೂತು ನಮಾಜು ಮಾಡಬೇಕೆಂಬುದು ಅವಳ ಆಸೆ. ನಾನೇನು ಮಾಡಿದೆ? ಅರೆಬರೆ ಒಣಗಿದ ತೊಗಲನ್ನು ಮೆಲ್ಲಗೆ ಇಳಿಸಿಕೊಂಡು ಬಂದು, ಸಂಜೆಯಾದರೆ ಬಾನೆಟ್ಟಿನ ಒಳಗೆ ಎಂಜಿನ್ನಿಗೆ ಹೊದಿಸತೊಡಗಿದೆ. ಬೆಳಗ್ಗೆ ತೆಗೆದು ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಬಚ್ಚಿಡುತ್ತಿದ್ದೆ. ತೂದಾ ಕೇಳಿದಾಗ, "ಆಚೆಮನೆ ನಾಯಿ ಎಳ್ಕೊಂಡು ಹೋಗಿರಬೇಕು" ಎಂದೆ. ಪಾಪದ ನಾಯಿಗೆ ಆವತ್ತಿನಿಂದ ನಮ್ಮ ಬಾಗಿಲಲ್ಲಿ ಕಲ್ಲೇಟು.

ಎಂಜಿನ್ ಬೆಚ್ಚಗಾಯಿತು, ಒಂದೇ ಚಾವಿಗೆ ಏಳತೊಡಗಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಹತ್ತು ದಿನ ಕಳೆದಿರಲಿಲ್ಲ, ರಿಶ್ ಊರಿಗೆ ಹೋಗುವ ತಲ್ಘೆಮ್ತ್ ಘಾಟಿಯಲ್ಲಿ ಗಾಡಿ ಕರಿಹೊಗೆ ಕಾರುತ್ತಾ ನಿಂತುಬಿಟ್ಟಿತು. ಆರು ಜನ ಪ್ರಯಾಣಿಕರು ಇಳಿದು ಹಿಂದಿನಿಂದ ತಳ್ಳಿದರು. ಅವರಲ್ಲಿ ಒಬ್ಬ ಮದುವೆಗೆ ಹೊರಟಿದ್ದ. ಅವನ ಬಿಳಿಯ ನಿಲುವಂಗಿ ಇದ್ದಿಲ ಮೂಟೆಯಂತಾಯಿತು.

ಸುದ್ದಿ ನನಗಿಂತ ಮೊದಲೇ ಸ್ಟ್ಯಾಂಡು ಮುಟ್ಟಿತ್ತು. ಸ್ಟ್ಯಾಂಡಿನ ಸರದಿ ನೋಡಿಕೊಳ್ಳುತ್ತಿದ್ದ ಯಜಮಾನ ಬೆನ್ನಾಸರ್ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ.

"ಏನಯ್ಯಾ ಮೋಹಾ, ಟ್ಯಾಕ್ಸಿ ಬಿಟ್ಟು ಇದ್ದಿಲ ಭಟ್ಟಿ ಇಟ್ಟಿದ್ದೀಯಂತೆ?"

"ಡೀಸೆಲ್ ಚಿಮ್ಮಿಸೋ ನಾಝಲ್ ಸ್ವಲ್ಪ ಕಟ್ಟಿದೆ, ಯಜಮಾನ್ರೇ. ನಾಳೆಗೆ ಸರಿಹೋಗುತ್ತೆ."

"ನಾಳೆ ಬೇಡ, ಭಾನುವಾರದ ಸಂತೆವರೆಗೂ ತಗೋ. ಅಷ್ಟರಲ್ಲಿ ಆರು ಜನರನ್ನ ಹೊತ್ಕೊಂಡು ಈ ಗಾಡಿ ಘಾಟಿ ದಾಟಬೇಕು. ಇಲ್ಲಾಂದ್ರೆ ರಿಶ್ ಸಾಲಿನಿಂದ ನಿನ್ನ ತೆಗೀತೀನಿ. ಪಕ್ಕದ ಹಳ್ಳಿಗಳಿಗೆ ಕೋಳಿ ಹೊತ್ಕೊಂಡು ತಿರುಗು."

ರಿಶ್ ಸಾಲು, ಅಂದರೆ ಘಾಟಿ ದಾಟಿ ರಿಶ್‌ಗೆ ಹೋಗುವ ಟ್ಯಾಕ್ಸಿಗಳ ಸರದಿ, ನಮ್ಮಲ್ಲಿ ಗಂಡಸರ ಸಾಲು. ಇಪ್ಪತ್ತೆರಡು ವರ್ಷ ಆ ಸಾಲಿನಲ್ಲಿ ನಿಂತವನು ಕೋಳಿಬುಟ್ಟಿಗಳ ಜೊತೆ ಕೂರುವುದೇ?

ಊರಿನ ದೊಡ್ಡ ಗ್ಯಾರೇಜಿಗೆ ಹೋದೆ. ಅವರು ಅಂಗಳದಲ್ಲಿ ಗಾಡಿ ನಿಲ್ಲಿಸಿ ಎರಡು ಸಲ ಗುರುಗುಟ್ಟಿಸಿ, ನಾಝಲ್ ಬದಲಿಸಿದರು. ಗಾಡಿ ಅಂಗಳದಲ್ಲಿ ಮದುಮಗನಂತೆ ಮೆರೆಯಿತು, ಘಾಟಿಯ ಮೊದಲ ತಿರುವಿನಲ್ಲಿ ಮತ್ತೆ ಮಸಿ ಕಾರಿತು. ಎರಡನೆಯವನು ಗಾಳಿ ಡಬ್ಬಿ ತೆರೆದು, ಫಿಲ್ಟರ್ ಹೊರಗೆಳೆದು, "ಇದು ಕನ್ನಡಿ ಥರ ಇದೆ. ಡೀಸೆಲ್ ಪಂಪೇ ಸತ್ತಿದೆ, ಪೂರಾ ಬಿಚ್ಚಬೇಕು" ಎಂದ. ಮೂರನೆಯವನು ಬಾನೆಟ್ಟನ್ನೇ ಎತ್ತಲಿಲ್ಲ. "ಚಾಚಾ, ಇದನ್ನ ಮಾರಿ ಕತ್ತೆ ತಗೊಳ್ಳಿ, ಅದು ಘಾಟಿ ಹತ್ತುತ್ತೆ" ಎಂದು ನಕ್ಕ. ಒಬ್ಬೊಬ್ಬನ ಬಾಯಲ್ಲಿ ಒಂದೊಂದು ಕಾಯಿಲೆ. ಯಾರನ್ನು ನಂಬಲಿ? ಗುರುವಾರ ಬಂತು. ನಾಚಿಕೆ ನುಂಗಿಕೊಂಡು ಭಟ್ಟಿಯ ಪಕ್ಕದ ತಗಡಿನ ಬಾಗಿಲು ತಟ್ಟಿದೆ.

ಅಸ್ಸು ಮೇಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ ಮುಟ್ಟಲಿಲ್ಲ. ಹೊಗೆಕೊಳವೆಯೊಳಗೆ ಬೆರಳಾಡಿಸಿ, ಮಸಿ ಮೂಸಿ, ಕಿವುಡರ ದೊಡ್ಡ ಗಂಟಲಲ್ಲಿ ಕೇಳಿದ:

"ಈ ಚಳೀಲಿ ರಾತ್ರಿ ಇದಕ್ಕೆ ಏನು ಹೊದಿಸ್ತೀಯೋ?"

ಪಕ್ಕದ ಭಟ್ಟಿಯ ಮುಂದೆ ರೊಟ್ಟಿಯ ಹಲಗೆ ಹಿಡಿದ ಅರ್ಧ ಊರಿನ ಹೆಂಗಸರು ನಿಂತಿದ್ದರು. ತೂದಾಳ ಹಿಟ್ಟೂ ಅಲ್ಲೇ ಬೇಯುವುದು. ಬೇರೆ ಮೇಸ್ತ್ರಿಯಾಗಿದ್ದರೆ ಕಿವಿಯಲ್ಲಿ ಪಿಸುಗುಟ್ಟಬಹುದಿತ್ತು. ಇವನಿಗೆ ಗುಟ್ಟು ಹೇಳಬೇಕಾದರೆ ಊರಿಗೇ ಡಂಗುರ ಸಾರಬೇಕು.

"ಏನೂ ಇಲ್ಲ!" ಎಂದು ಅರಚಿದೆ.

"ಆಂ?"

"ಏನೂ ಹೊದಿಸಲ್ಲ ಅಂದೆ!"

ಅವನು ನನ್ನ ಮುಖವನ್ನೇ ದಿಟ್ಟಿಸಿದ. ಗಂಟಲು ಜೋರಾಗಿದ್ದಷ್ಟೂ ಸುಳ್ಳು ಮುಖದಲ್ಲಿ ಎದ್ದು ಕಾಣುತ್ತದೋ ಏನೋ. "ಸರಿ. ನಾಳೆ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಗಾಡಿ ತುಂಬ ಜನ ಕರ್ಕೊಂಡು ಬಾ. ಖಾಲಿ ಗಾಡಿ ಸುಳ್ಳು ಹೇಳುತ್ತೆ. ಹೊರೆ ಬಿದ್ದಾಗ ನೋಡೋಣ."

"ಮೂಟೆ ಹಾಕ್ಕೊಂಡು ಬರಲಾ?"

"ಮೂಟೆ ಬೇಡ. ಟ್ಯಾಕ್ಸಿಗೆ ಮನುಷ್ಯರ ಭಾರವೇ ಬೇರೆ. ಅವರು ತಿರುವಿನಲ್ಲಿ ಒಬ್ಬರ ಮೇಲೊಬ್ಬರು ವಾಲ್ತಾರೆ."

ಯಜಮಾನ ಸ್ಟ್ಯಾಂಡಿನಲ್ಲಿ ಜನ ಹತ್ತಿಸಲು ಬಿಡುವುದಿಲ್ಲ. ಆದರೆ ರಿಶ್‌ನಲ್ಲಿ ತೂದಾಳ ತವರಿತ್ತು. ಪುಕ್ಕಟೆ ಸವಾರಿ ಎಂದು ಬಾಯಿಬಿಟ್ಟಿದ್ದೇ ತಡ, ಅವಳು, ಅವಳ ಅಕ್ಕ ಹ್ನಿಯಾ, ಹ್ನಿಯಾಳ ಮೂವರು ಮೈದುನರು ತುಂಬಿಕೊಂಡರು. ಆರನೆಯವನಾಗಿ ಮೇಸ್ತ್ರಿ ನನ್ನ ಪಕ್ಕ ಕೂತ. ಹ್ನಿಯಾ ಒಬ್ಬಳೇ ಇಬ್ಬರ ಭಾರ. ಲೆಕ್ಕಕ್ಕೆ ಏಳು ಎನ್ನಬಹುದು.

ಊರ ಹೊರಗೆ ಬಂದೊಡನೆ ಮೇಸ್ತ್ರಿ ನಿಲುವಂಗಿಯ ತೋಳಿನೊಳಗಿಂದ ಕೋಲು ತೆಗೆದು ಒಂದು ತುದಿಯನ್ನು ಕಾಲಬುಡದ ತಗಡಿಗೆ ಊರಿದ. ಬಗ್ಗಿ ಇನ್ನೊಂದು ತುದಿಯನ್ನು ಕಚ್ಚಿದ.

"ಯಾ ಅಲ್ಲಾ, ಈತ ಗಾಡಿಯನ್ನೇ ತಿಂತಾನಲ್ಲೇ!" ಎಂದಳು ಹ್ನಿಯಾ.

"ಸುಮ್ಮನಿರಕ್ಕಾ," ಎಂದೆ.

"ನಾನ್ಯಾಕೆ ಸುಮ್ಮನಿರಲಿ? ಅವರಿಗೆ ಹೇಗೂ ಕೇಳಿಸಲ್ಲ."

ಮೇಸ್ತ್ರಿ ಕೋಲು ತೆಗೆದು ಹಿಂದಕ್ಕೆ ತಿರುಗಿದ. "ತಂಗೀ, ನಿನ್ನ ಮಾತು ಕಿವಿಗೆ ಬರಲ್ಲ, ಹಲ್ಲಿಗೆ ಬರ್ತಿದೆ. ನನ್ನ ಬಾಯಲ್ಲಿ ಉಳಿದಿರೋದೇ ಐದು. ಕರುಣೆ ಇರಲಿ." ಗಾಡಿಯೆಲ್ಲ ಗೊಳ್ಳೆಂದಿತು. ಹ್ನಿಯಾ ಸೆರಗು ಬಾಯಿಗೆ ತುರುಕಿಕೊಂಡಳು.

ಘಾಟಿಯ ಏರು ಶುರುವಾಯಿತು. ಮೊದಲ ತಿರುವು, ಎರಡನೆಯ ತಿರುವು. ಮೂರನೆಯದರಲ್ಲಿ ಗಾಡಿಯ ಕಸುವು ಸೋರಿಹೋಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರಿಹೊಗೆಯ ಬಾಲ. ಕೋಳಿಬುಟ್ಟಿಗಳು ಕಣ್ಮುಂದೆ ಬಂದವು.

ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಿ, ನಿದ್ದೆಯಲ್ಲಿ ಸಿಹಿ ಮೆಲ್ಲುವವನಂತೆ ಕೋಲು ಕಚ್ಚಿಕೊಂಡೇ ಇದ್ದ. ಆಮೇಲೆ ಕೈಯೆತ್ತಿ ನಿಲ್ಲಿಸಲು ಹೇಳಿದ.

"ಪಂಪು ಸತ್ತಿದೆಯಾ?" ಎಂದು ಅರಚಿದೆ.

"ಯಾರಂದ? ಪಂಪು ಚಿನ್ನ. ಎಂಜಿನ್ ಗಟ್ಟಿ. ಉಣ್ಣೋದಕ್ಕೆ ಬೇಕಾದಷ್ಟಿದೆ, ಉಸಿರಾಡೋಕಾಗ್ತಿಲ್ಲ. ಯಾರೋ ಮೂಗು ಹಿಡಿದಿದ್ದಾರೆ."

ಬಾನೆಟ್ ಎತ್ತಿದ. ಗಾಳಿ ಡಬ್ಬಿಯ ಮುಚ್ಚಳ ತೆಗೆದ. ಫಿಲ್ಟರ್ ನಿಜಕ್ಕೂ ಕನ್ನಡಿಯಂತಿತ್ತು. ಎಲ್ಲರೂ ನಿಂತದ್ದು ಅಲ್ಲಿಗೇ. ಇವನು ಅಲ್ಲಿಗೆ ನಿಲ್ಲಲಿಲ್ಲ. ಜೇಬಿನಿಂದ ಒಂದು ತಂತಿ ತೆಗೆದು, ಕೊನೆಯನ್ನು ಕೊಕ್ಕೆ ಮಾಡಿ, ಡಬ್ಬಿಗೆ ಗಾಳಿ ತರುವ ಕೊಳವೆಯೊಳಗೆ ಇಳಿಸಿದ. ತಿರುಗಿಸಿದ. ಎಳೆದ.

ಹೊರಗೆ ಬಂದದ್ದು ಮುಷ್ಟಿಯಷ್ಟು ಉಣ್ಣೆಯ ಮುದ್ದೆ. ಅಷ್ಟೇ ಆಗಿದ್ದರೆ ಏನಾದರೂ ಹೇಳಿ ಪಾರಾಗುತ್ತಿದ್ದೆ. ಅದರ ನಡುವೆ ಕೆಂಪಗೆ ಗೋರಂಟಿಯ ಗುರುತಿತ್ತು.

ಎರಡು ಬೆಳಗ್ಗೆ ಅವಸರದಲ್ಲಿ ತೊಗಲು ತೆಗೆಯದೆಯೇ ಚಾವಿ ತಿರುಗಿಸಿದ್ದು ಆಗ ನೆನಪಾಯಿತು. ಸರಿಯಾಗಿ ಹದವಾಗದ ತೊಗಲಿನ ಕೂದಲನ್ನು ಎಂಜಿನ್ ಬಾಚಿ ಬಾಚಿ ನುಂಗಿತ್ತು.

ತೂದಾ ಮುದ್ದೆಯನ್ನು ಕೈಗೆ ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದಳು.

"ಏ ಇವನೇ, ಆಚೆಮನೆ ನಾಯಿ ಗಾಡಿ ಓಡಿಸೋದು ಯಾವಾಗ ಕಲೀತು?"

ನಾನು ಬೆಟ್ಟ ನೋಡಿದೆ.

"ನನ್ನ ಗೋರಂಟಿ ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಆ ನಾಯಿಗೆ ನಾನು ಎಷ್ಟು ಕಲ್ಲು ಹೊಡ್ದಿದ್ದೀನಿ ಗೊತ್ತಾ? ಅಷ್ಟೂ ನಿನಗೆ ಬೀಳಬೇಕಿತ್ತು! ತೊಗಲು ಎಲ್ಲಿ?"

ಡಿಕ್ಕಿ ತೆರೆದೆ. ಹ್ನಿಯಾ ಸೆರಗು ಉಗಿದು ನಕ್ಕಳು, ಘಾಟಿಯ ಎರಡೂ ಬದಿ ಮಾರ್ದನಿಸುವ ಹಾಗೆ. ಮೈದುನರು ರಸ್ತೆಯ ಮೇಲೇ ಕುಸಿದು ಕೂತರು. ಮೇಸ್ತ್ರಿಯೊಬ್ಬ ನಗಲಿಲ್ಲ. ಮುಚ್ಚಳ ಬಿಗಿದು, ಕೈ ಒರೆಸಿಕೊಂಡು, "ಬಿಸ್ಮಿಲ್ಲಾ ಅನ್ನು, ತಿರುಗಿಸು" ಎಂದ.

ಗಾಡಿ ಎದ್ದಿತು. ಅದೇ ಏರು, ಅದೇ ಹೊರೆ, ಮೇಲೆ ತೂದಾಳ ಬೈಗುಳದ ಭಾರ ಬೇರೆ. ಎಂಜಿನ್ ಎಂಥ ದೀರ್ಘ ಉಸಿರೆಳೆಯಿತೆಂದರೆ ನೆತ್ತಿ ದಾಟಿದ್ದೇ ನನಗೆ ತಿಳಿಯಲಿಲ್ಲ. ಕನ್ನಡಿಯಲ್ಲಿ ಹೊಗೆಯ ಎಳೆಯೂ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತು ಎಂದೆ. ಯಾರೂ ನಂಬಲಿಲ್ಲ. ಆವತ್ತು ನನ್ನ ಮಾತಿಗೆ ಬೆಲೆಯಿರಲಿಲ್ಲ.

ಭಾನುವಾರ ಸಂತೆಯ ಗದ್ದಲದಲ್ಲಿ ಸ್ಟ್ಯಾಂಡಿಗೆ ಹೋದೆ. ಆರು ಜನರನ್ನು ಹತ್ತಿಸಿಕೊಂಡು, ಯಜಮಾನನನ್ನೇ ಏಳನೆಯವನಾಗಿ ಒತ್ತರಿಸಿ ಕೂರಿಸಿಕೊಂಡು ಘಾಟಿ ದಾಟಿಸಿ ತಂದೆ. ಅವನು ಇಳಿದವನೇ ನೇರ ಅಸ್ಸುವಿನ ತಗಡಿನ ಬಾಗಿಲಿಗೆ ನಡೆದ. ನಾನೂ ಹಿಂದೆ ಓಡಿದೆ. ಈಗ ಗುಟ್ಟು ಹೊರಬಿದ್ದರೆ ರಿಶ್ ಸಾಲಿನಲ್ಲಿ ಇದ್ದೂ ಇಲ್ಲದಂತೆ. ಸಾಯುವವರೆಗೂ ನನ್ನನ್ನು ಕುರಿ ಮೋಹಾ ಎನ್ನುತ್ತಾರೆ.

"ಮೇಸ್ತ್ರೀ, ಮೂರು ಗ್ಯಾರೇಜಿಗೆ ಸಿಗದ ಕಾಯಿಲೆ ಏನಪ್ಪಾ ಅದು?"

"ಉಸಿರು ಕಟ್ಟಿತ್ತು," ಎಂದ ಅಸ್ಸು.

"ಯಾಕೆ ಕಟ್ಟಿತ್ತು?"

"ಆಂ?"

"ಯಾಕೆ ಕಟ್ಟಿತ್ತು ಅಂತ!"

"ಹೌದು ಹೌದು, ಈಗ ಸರಿಯಾಗಿದೆ. ಚಹಾ ಕುಡೀತೀರಾ?"

ಬೆನ್ನಾಸರ್ ತಲೆ ಚಚ್ಚಿಕೊಂಡು ಹೊರಟುಹೋದ. ನನ್ನ ಸರದಿ ಉಳಿಯಿತು. ಅಸ್ಸು ನನ್ನ ಕಡೆ ತಿರುಗಲೂ ಇಲ್ಲ, ಪುದೀನ ಹರಿದು ಚಹಾದ ಪಾತ್ರೆಗೆ ಹಾಕುತ್ತಿದ್ದ.

ತೂದಾ ಆ ತೊಗಲನ್ನು ಮತ್ತೆ ತೊಳೆದಳು, ಬಾಚಿದಳು. ನಮಾಜಿಗೆ ಆಗದಷ್ಟು ಡೀಸೆಲ್ ವಾಸನೆ. ಕೊನೆಗೆ ಮೇಸ್ತ್ರಿಯ ಅಂಗಡಿಯ ಮರದ ಬೆಂಚಿಗೆ ಹಾಸಿ ಬಂದಳು. ಆಚೆಮನೆಯ ನಾಯಿಗೆ ಮೂರು ದಿನ ಮೂಳೆ ಹಾಕಿದಳು. ಮುಂದಿನ ಹಬ್ಬದ ತೊಗಲನ್ನು ಮಾಳಿಗೆಗೆ ಒಯ್ಯಲೇ ಇಲ್ಲ, ಮಂಚದ ಕೆಳಗೆ ಒಣಗಿಸಿದಳು.

ಆಮೇಲೆ ಸ್ಟ್ಯಾಂಡಿನವರೆಲ್ಲ ಒಬ್ಬೊಬ್ಬರಾಗಿ ಆ ಬಾಗಿಲು ತಟ್ಟತೊಡಗಿದರು. ಹೋದವರೆಲ್ಲ ಆ ತೊಗಲಿನ ಮೇಲೆ ಕೂತು ಚಹಾ ಕುಡಿದರು. ಮೂಲೆಯಲ್ಲಿ ಅಂಗೈಯಗಲ ಬೋಳಾಗಿದ್ದುದನ್ನು ಸವರುತ್ತಾ, "ಇದ್ಯಾಕೆ ಮೇಸ್ತ್ರೀ, ಇಲ್ಲಿ ಮಾತ್ರ ಕೂದಲಿಲ್ಲ?" ಎಂದು ಕೇಳದವರಿಲ್ಲ. ಅಸ್ಸು ಸಾಯುವವರೆಗೂ ಆ ಪ್ರಶ್ನೆ ಅವನಿಗೆ ಕೇಳಿಸಲಿಲ್ಲ.