ನನ್ನ ಸೊಸೆ ಕೈಬಿಟ್ಟ ನಲವತ್ತಮೂರು ಸಾಲುಗಳು

ನನ್ನ ಸೊಸೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಾಗ ಅವಳಿಗೆ ನಲವತ್ತೊಂದು ವರ್ಷ. ಹೆರಿಗೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳು ಗುಮಾಸ್ತೆ. ಕೋಣೆಯ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಡೇಟಾಬೇಸ್ ಪರೀಕ್ಷೆಯನ್ನು ಆ ವರ್ಷವೇ ಪಾಸು ಮಾಡಿದರೆ ಆ ಜಾಗ ಅವಳಿಗೆ ಎಂದು ಮೇಲಿನವರು ಹೇಳಿದ್ದರು. ನಾನು ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಓದುಬರಹ ನನಗೆ ಅಷ್ಟಕ್ಕಷ್ಟೆ. ಅವಳು ಹೇಳಿದ್ದರಲ್ಲಿ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲ ದಿನ ತರಗತಿಯಲ್ಲಿ ಒಬ್ಬಳು ಹುಡುಗಿ, "ಆಂಟಿ, ಮಗಳನ್ನ ಬಿಡೋಕೆ ಬಂದ್ರಾ?" ಎಂದಳಂತೆ.

"ಇಲ್ಲಮ್ಮ, ನನ್ನನ್ನೇ ಬಿಡೋಕೆ ಬಂದೆ. ಸ್ವಲ್ಪ ಸರಿದು ಕೂತ್ಕೋ."

ಬಸ್ಸಿನಲ್ಲಿ ನಿಂತೇ ಓದುತ್ತಿದ್ದಳು. ಬಟ್ಟೆ ಒಣಹಾಕುವಾಗ ನನಗೆ ಪಾಠ ಒಪ್ಪಿಸುತ್ತಿದ್ದಳು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಪ್ರತಿ ಸಾಲಿಗೂ ಬೇರೆ ಯಾವ ಸಾಲಿಗೂ ಇಲ್ಲದ ಗುರುತು ಬೇಕು, ಅದಕ್ಕೆ ಪ್ರೈಮರಿ ಕೀ ಎನ್ನುತ್ತಾರೆ.

ಪರೀಕ್ಷೆಯ ಭಾಗವಾದ ಪ್ರಾಜೆಕ್ಟಿಗೆ ಆಸ್ಪತ್ರೆಯ ಹಳೆಯ ಹೆರಿಗೆ ರಿಜಿಸ್ಟರುಗಳನ್ನೇ ಆರಿಸಿಕೊಂಡಳು. ನಾಲ್ಕು ಸಾವಿರ ಚಿಲ್ಲರೆ ಮಕ್ಕಳು. ತಾಯಿಯ ನಂಬರು, ಹುಟ್ಟಿದ ತಾರೀಖು ಎರಡನ್ನೂ ಸೇರಿಸಿ ಗುರುತು ಮಾಡಿದಳು. ನಲವತ್ತಮೂರು ಸಾಲುಗಳನ್ನು ಕಂಪ್ಯೂಟರ್ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಗುರುತು ಆಗಲೇ ಇದೆ ಎಂದಿತು. ಅವನ್ನು ಕೈಬಿಟ್ಟು ಉಳಿದದ್ದನ್ನು ಒಪ್ಪಿಸಿದಳು. ಮೇಷ್ಟರು ಮೆಚ್ಚಿ ಸಹಿ ಹಾಕಿದರು. ಆ ಸಹಿಯಾದ ಪ್ರತಿಯನ್ನೇ ಆಸ್ಪತ್ರೆ ಬಳಸುವುದೆಂದೂ, ರಿಜಿಸ್ಟರುಗಳನ್ನು ರದ್ದಿಗೆ ಹಾಕುವುದೆಂದೂ ತೀರ್ಮಾನವಾಗಿತ್ತು.

ಭಾನುವಾರ ಬಟ್ಟೆ ಮಡಚುತ್ತಾ ನಕ್ಕಳು.

"ಅತ್ತೆ, ನಿಮ್ಮ ಕಾಲದ ನರ್ಸುಗಳಿಗೆ ಏನಾಗಿತ್ತು? ಒಂದೇ ಹೆರಿಗೇನ ಎರಡೆರಡು ಸಲ ಬರೆದಿದ್ದಾರೆ. ಅದೂ ನಲವತ್ತಮೂರು ಕಡೆ!"

"ತೂಕಾನೂ ಒಂದೇ ಇತ್ತಾ?"

"ತೂಕ ನೋಡ್ಲಿಲ್ಲ."

"ಅವಳಿ ಹುಟ್ಟಿದ್ರೆ ಎರಡು ಸಾಲು ಬರೀತಿದ್ರಲ್ಲೇ."

ಮಡಚುತ್ತಿದ್ದ ಅಂಗಿ ಅವಳ ಕೈಯಲ್ಲೇ ಉಳಿಯಿತು.

ಸೋಮವಾರ ರಿಜಿಸ್ಟರು ಬಿಚ್ಚಿ ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡಿದಳು. ಎರಡು ಮಾತ್ರ ನಿಜವಾಗಿ ಎರಡು ಸಲ ಬರೆದಂಥವು. ಉಳಿದ ನಲವತ್ತೊಂದೂ ಎರಡನೆಯ ಮಗು. ಅವುಗಳಲ್ಲಿ ಒಂಬತ್ತು ಅಂದೇ ತೀರಿಕೊಂಡಿದ್ದವು. ನೇರ ಮೇಷ್ಟರ ಬಳಿಗೆ ಹೋದಳು.

"ಅಂಕ ಮೇಲಿನ ಆಫೀಸಿಗೆ ಕಳಿಸಾಯ್ತಮ್ಮ" ಎಂದರಂತೆ ಅವರು. "ಇಷ್ಟು ಹಳೇದನ್ನ ಯಾರು ನೋಡ್ತಾರೆ? ವಾಪಸ್ ತಗೊಂಡ್ರೆ ಈ ವರ್ಷ ಹೋಯ್ತು ಅಂತ್ಲೇ ಲೆಕ್ಕ."

"ಗೊತ್ತು ಸರ್. ಹುಟ್ಟಿದ ಮಕ್ಕಳನ್ನ ಹುಟ್ಟೇ ಇಲ್ಲ ಅಂತ ಮಾಡಿಟ್ಟಿದ್ದೀನಿ. ವಾಪಸ್ ಕೊಡಿ."

ಆ ವರ್ಷ ಹೋಯಿತು. ಮುಖ್ಯಸ್ಥರ ಕುರ್ಚಿಗೆ ಹೊರಗಿನಿಂದ ಒಬ್ಬರು ಬಂದರು. ಇವಳು ಬೇಸರ ಹೇಳಿಕೊಳ್ಳಲಿಲ್ಲ. ನಾಲ್ಕು ದಿನ ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ಆಮೇಲೆ ಮತ್ತೆ ಮೊದಲಿನಿಂದ ಕೂತಳು. ಟೇಬಲ್ ಎನ್ನುವ ಪಟ್ಟಿ ತಾಯಂದಿರಿಗೆ ಒಂದು, ಮಕ್ಕಳಿಗೆ ಇನ್ನೊಂದು, ಪ್ರತಿ ಮಗುವಿಗೂ ಅದರದೇ ನಂಬರು. ತೀರಿಕೊಂಡ ಕೆಲವು ಮಕ್ಕಳ ತೂಕ ಬರೆದಿರಲಿಲ್ಲ. "ಸೊನ್ನೆ ಹಾಕ್ಬಿಡೇ" ಎಂದೆ.

"ಹಾಕಬಾರದು ಅತ್ತೆ. ಸೊನ್ನೆ ಅಂದ್ರೆ ತೂಕವೇ ಇರ್ಲಿಲ್ಲ ಅಂತ. ಖಾಲಿ ಬಿಟ್ರೆ, ಯಾರೂ ತೂಗ್ಲಿಲ್ಲ ಅಂತ."

ಮರುವರ್ಷ ಪಾಸಾದಳು. ಕುರ್ಚಿ ತೆರವಾಗಿರಲಿಲ್ಲ. ಈಗಲೂ ದಾಖಲೆ ಕೋಣೆಯಲ್ಲಿ ಅದೇ ಗುಮಾಸ್ತೆಯ ಕಿಟಕಿಯ ಹಿಂದೆ ಕೂರುತ್ತಾಳೆ. ಹೊಸ ಮುಖ್ಯಸ್ಥರಿಗೆ ಟೇಬಲ್ ತೆರೆಯುವುದನ್ನು ಕಲಿಸಿದವಳು ಅವಳೇ. ಆ ನಲವತ್ತೊಂದು ಮಕ್ಕಳಲ್ಲಿ ಒಂದರ ದಾಖಲೆಯನ್ನೂ ಇದುವರೆಗೆ ಯಾರೂ ಬಂದು ಕೇಳಿಲ್ಲ.